ಅಂಕಣ ಬಿಟ್ಟರೆ ಕಾದಂಬರಿ ಬಂದುಬಿಡುತ್ತದೆಯೇ?

ಪ್ರಶ್ನೆ: ನಾನು ಮುಧೋಳದ ಒಂದು ಸಹಕಾರಿ ಬ್ಯಾಂಕಿನಲ್ಲಿ ಕ್ಲರ್ಕ್. ವಯಸ್ಸು 38. ಆರು ವರ್ಷದಿಂದ ಒಂದು ಜಿಲ್ಲಾ ಪತ್ರಿಕೆಗೆ ಪ್ರತಿ ವಾರ 600 ಪದದ ಅಂಕಣ ಬರೆಯುತ್ತಿದ್ದೇನೆ. ಅಂಕಣಕ್ಕೆ 400 ರೂಪಾಯಿ ಕೊಡುತ್ತಾರೆ. ಊರಲ್ಲಿ ಜನ ಗುರುತಿಸುತ್ತಾರೆ. ಮೂರು ವರ್ಷದಿಂದ ಒಂದು ಕಾದಂಬರಿ ಬರೆಯಲು ಒದ್ದಾಡುತ್ತಿದ್ದೇನೆ, ಮೂವತ್ತು ಪುಟದ ಆಚೆ ಹೋಗುತ್ತಿಲ್ಲ. ಅಂಕಣ ಬಿಟ್ಟುಬಿಡಲೇ? ಅಥವಾ ಅಂಕಣಗಳನ್ನೇ ಜೋಡಿಸಿ ಕಾದಂಬರಿ ಮಾಡಬಹುದೇ? ಅವುಗಳ ಹಕ್ಕು ನನ್ನದೋ ಪತ್ರಿಕೆಯದೋ? ಬರವಣಿಗೆಯಿಂದಲೇ ಬದುಕಲು ಆಗುತ್ತದೆಯೇ? ನಮ್ಮ ಕಡೆ ಭಾಷೆಯಲ್ಲಿ ಬರೆದರೆ ಬೆಂಗಳೂರಿನವರು ಓದುತ್ತಾರಾ?

ಉತ್ತರ: ನೀವು ಬ್ಯಾಂಕಿನವರು, ಲೆಕ್ಕದಿಂದಲೇ ಶುರು ಮಾಡೋಣ. ವಾರಕ್ಕೆ 600 ಪದ, ವರ್ಷಕ್ಕೆ 52 ವಾರ. ಅಂದರೆ 31,200 ಪದ. ಆರು ವರ್ಷಕ್ಕೆ 1,87,200. ಇಷ್ಟರಲ್ಲಿ ಸಾಧಾರಣ ಗಾತ್ರದ ಮೂರು ಕಾದಂಬರಿ ಆಗುತ್ತವೆ. ಹಾಗಾಗಿ ಕೈ ಓಡುತ್ತಿಲ್ಲ, ಪುರುಸೊತ್ತಿಲ್ಲ ಅನ್ನುವ ಮಾತು ಬೇಡ. ಕೈ ಚೆನ್ನಾಗಿಯೇ ಓಡುತ್ತಿದೆ. 600 ಪದ ಆದ ಕೂಡಲೇ ನಿಲ್ಲುವುದನ್ನು ಅದು ಕಲಿತುಬಿಟ್ಟಿದೆ, ಅಷ್ಟೇ. ಗಾಣದ ಎತ್ತನ್ನು ಹೊಲಕ್ಕೆ ಬಿಟ್ಟರೂ ಸುತ್ತು ಹೊಡೆಯುತ್ತದಂತೆ.

ನಿಮ್ಮ ಮೂವತ್ತು ಪುಟ ನಾನು ನೋಡಿಲ್ಲ. ಆದರೂ ಒಂದು ಮಾತು ಹೇಳುತ್ತೇನೆ, ಹೌದೋ ಅಲ್ಲವೋ ನೀವೇ ನೋಡಿ. ಎರಡು-ಮೂರು ಪುಟಕ್ಕೊಮ್ಮೆ ಒಂದು ಗಟ್ಟಿ ಸಾಲು ಬರುತ್ತಿರಬೇಕು. ಓದಿದವರು ‘ವಾಹ್’ ಅಂದು ಪೇಪರ್ ಮಡಚಿ ಇಡುವಂಥ ಸಾಲು. ಅಂಕಣಕ್ಕೆ ಅದು ಬೇಕು. ಕಾದಂಬರಿಯಲ್ಲಿ ಓದುಗ ಅಲ್ಲೇ ಮಡಚಿಟ್ಟರೆ ಮತ್ತೆ ತೆಗೆಯುವುದಿಲ್ಲ. ಬರೆಯುವವರೂ ಅಷ್ಟೇ. ಆ ಸಾಲು ಬಂದ ಮೇಲೆ ಮುಂದೆ ಹೇಳಲು ಏನೂ ಉಳಿದಿರುವುದಿಲ್ಲ. ನೀವು ನಿಂತಿದ್ದು ಸುಸ್ತಾಗಿ ಅಲ್ಲ. ಹನ್ನೆರಡು ಸಲ ಮುಗಿಸಿದ್ದೀರಿ, ಹದಿಮೂರನೇ ಸಲ ಶುರು ಮಾಡಲು ಮನಸ್ಸು ಬರುತ್ತಿಲ್ಲ.

ಇದನ್ನು ನಾನು ಪುಸ್ತಕ ಓದಿ ತಿಳಿದದ್ದಲ್ಲ. ಒಬ್ಬ ಮುದುಕಿಯಿಂದ ಬೈಸಿಕೊಂಡು ತಿಳಿದದ್ದು. ಆ ಕಥೆ ಸ್ವಲ್ಪ ಉದ್ದ, ಆದರೆ ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಇರುವ ಒಳ್ಳೆ ಉತ್ತರ ಅದೇ.

ಆಗ ನಾನು ಬಾಗಲಕೋಟೆಯಲ್ಲಿದ್ದೆ. ಆಲಮಟ್ಟಿ ಅಣೆಕಟ್ಟಿನಲ್ಲಿ 519.60 ಮೀಟರ್‌ವರೆಗೆ ನೀರು ನಿಲ್ಲಿಸಿ ಕೆಲವು ವರ್ಷವಾಗಿತ್ತು. ಹಳೇ ಊರಿನ ತಗ್ಗಿನ ಓಣಿಗಳು ಹಿನ್ನೀರಿನಲ್ಲಿ ಹೋಗಿದ್ದವು, ಜನ ನವನಗರಕ್ಕೆ ಬಂದಿದ್ದರು. ಬರುವಾಗ ತೊಲೆ, ಕಂಬ, ಬಾಗಿಲು, ಚೌಕಟ್ಟು ಎಲ್ಲ ಬಿಚ್ಚಿಕೊಂಡು ಬಂದಿದ್ದರು. ಬೇಸಿಗೆಯಲ್ಲಿ ನೀರು ಇಳಿದಾಗ ಹಳೇ ಮನೆಗಳ ಪಾಯ ಮೇಲೆದ್ದು ಕಾಣುತ್ತಿತ್ತು. ಒಂದು ಏಪ್ರಿಲ್ ಮಧ್ಯಾಹ್ನ ಅಲ್ಲಿ ಒಬ್ಬ ವಯಸ್ಸಾದ ಹೆಂಗಸನ್ನು ಕಂಡೆ. ಒಂದು ಹೊಸ್ತಿಲ ಕಲ್ಲಿನ ಮೇಲೆ ಕೂತು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಎರಡು ಮಾತಾಡಿಸಿದೆ. ಪ್ರತಿ ವರ್ಷ ಬರುತ್ತೇನೆ ಅಂದಳು. ನನಗೆ ಅಷ್ಟು ಸಾಕಾಗಿತ್ತು. ಆ ವಾರದ ಅಂಕಣ ಹೀಗೆ ಮುಗಿಯಿತು:

‘ನೀರು ಇಳಿದಾಗಲೆಲ್ಲ ಆಕೆ ಬರುತ್ತಾಳೆ. ತನ್ನ ಮನೆಯ ಹೊಸ್ತಿಲ ಮೇಲೆ ಕೂತು ಅಳುತ್ತಾಳೆ. ಸರ್ಕಾರ ಆ ಮನೆಯ ಗೋಡೆಗೆ ಬೆಲೆ ಕಟ್ಟಿತು, ಬಾಗಿಲಿಗೆ ಬೆಲೆ ಕಟ್ಟಿತು. ಹೊಸ್ತಿಲಿಗೆ ಬೆಲೆ ಕಟ್ಟಿದವರು ಯಾರು?’

ಚೆನ್ನಾಗಿದೆ ಅಲ್ವಾ? ನನಗೂ ಹಾಗೇ ಅನ್ನಿಸಿತ್ತು. ಆ ವಾರ ಬಂದಷ್ಟು ಪತ್ರ ಅದಕ್ಕೂ ಮುಂಚೆ ಬಂದಿರಲಿಲ್ಲ. ಒಂದು ಶಾಲೆಯ ಕಾರ್ಯಕ್ರಮದಲ್ಲಿ ಯಾರೋ ಮೈಕಿನಲ್ಲಿ ಓದಿದರಂತೆ. ಹತ್ತು ದಿನ ಬಿಟ್ಟು ಒಬ್ಬ ಹುಡುಗ ಆಫೀಸಿಗೆ ಬಂದ. ‘ಆಯಿ ನಿಮ್ಮನ್ನ ಕರ್ಕೊಂಡ ಬಾ ಅಂದಾಳ್ರೀ’ ಅಂದ. ಹೋದೆ. ಸನ್ಮಾನ ಇರಬೇಕು ಅಂದುಕೊಂಡೇ ಹೋದೆ.

ಚಹಾ ಕೊಟ್ಟಳು, ಚೂಡಾ ಕೊಟ್ಟಳು. ಆಮೇಲೆ ಕೇಳಿದಳು: ‘ನಾ ಅಳತೇನಿ ಅಂತ ಬರದೀಯಂತಲ್ಲೋ ತಮ್ಮಾ, ನಾ ಎಲ್ಲಿ ಅತ್ತೆ? ಬಿಸಲಿಗೆ ಕಣ್ಣಾಗ ನೀರ ಬಂದಿತ್ತು.’ ನಾನು ಏನೋ ತೊದಲಿದೆ. ಆಕೆ ಮುಂದುವರಿಸಿದಳು: ‘ಆ ಮನಿ ಮುಳಗಿದ್ದು ಛಲೋ ಆತು.’

ಹದಿನಾಲ್ಕು ವರ್ಷಕ್ಕೆ ಆ ಮನೆಗೆ ಸೊಸೆಯಾಗಿ ಬಂದವಳು. ತುಂಬಿದ ಮನೆ. ಅಡುಗೆ ಮನೆಯ ನೆಲದಲ್ಲಿ ಹೂತಿದ್ದ ಒಳ್ಳಿನಲ್ಲಿ, ಅಂದರೆ ಒರಳುಕಲ್ಲಿನಲ್ಲಿ, ಇಡೀ ಮನೆಯ ಖಾರ ಕುಟ್ಟಿದವಳು. ಕೈ ಉರಿಯಲಿ, ಮೈಯಲ್ಲಿ ಹುಷಾರಿಲ್ಲದಿರಲಿ, ಕುಟ್ಟುವುದು ತಪ್ಪುತ್ತಿರಲಿಲ್ಲ. ಮನೆ ಬಿಚ್ಚುವಾಗ ಗಂಡಸರು ತೊಲೆ ಬಾಗಿಲು ಎಲ್ಲ ಒಯ್ದರು, ಆ ಒಳ್ಳನ್ನು ಮಾತ್ರ ಯಾರೂ ಕೀಳಲಿಲ್ಲ. ಆಕೆ ಪ್ರತಿ ಬೇಸಿಗೆಗೆ ಹೋಗುತ್ತಿದ್ದದ್ದು ಅದನ್ನು ನೋಡಲು. ಪ್ರೀತಿಯಿಂದ ಅಲ್ಲ. ಅದರಲ್ಲಿ ಮಣ್ಣು ಎಷ್ಟು ತುಂಬಿತು ಅಂತ ನೋಡಲು. ‘ಪೂರಾ ಹೂತ ಹೋತಂದ್ರ ನಾ ಹೋಗೂದ ಬಿಡತೇನಿ’ ಅಂದಳು.

ಬಸ್ ಸ್ಟ್ಯಾಂಡಿಗೆ ನಡೆದುಕೊಂಡು ಬಂದೆ. ನನ್ನ ಅಂಕಣದಲ್ಲಿ ಅಭಿಪ್ರಾಯ ಸರಿಯಿತ್ತು. ಮುಳುಗಡೆ ಜನರಿಗೆ ಅನ್ಯಾಯ ಆಗಿದೆ ಅನ್ನುವುದು ಇವತ್ತಿಗೂ ನನ್ನ ಮಾತು. ಆದರೆ ಆ ಹೆಂಗಸು ಆ ಅಭಿಪ್ರಾಯದಲ್ಲಿ ಹಿಡಿಯುತ್ತಿರಲಿಲ್ಲ. ಆಕೆಯನ್ನು 600 ಪದಕ್ಕೆ ಕತ್ತರಿಸಿ ಕೂರಿಸಿದ್ದೆ. ಮುಂದಿನ ವಾರ ತಿದ್ದುಪಡಿ ಬರೆದೆ. ಅದಕ್ಕೆ ಒಂದು ಪತ್ರವೂ ಬರಲಿಲ್ಲ.

ಆಮೇಲೆ ಅದೇ ದೃಶ್ಯ ನನ್ನ ಕಾದಂಬರಿಯಲ್ಲಿ ಬಂತು. ನಾಲ್ಕು ಸಲ ಬರೆದು ಹರಿದ ಮೇಲೆ ಹೀಗೆ ನಿಂತಿತು:

‘ನೀರು ಇಳಿದು ಎಂಟು ದಿನ ಆಗಿತ್ತು. ಕೆಸರು ಮೇಲೆ ಒಣಗಿತ್ತು, ಒಳಗೆ ಹಸಿ ಇತ್ತು. ಆಕೆ ಚಪ್ಪಲಿ ಬಿಟ್ಟು, ಗೋಡೆ ಇಲ್ಲದಿದ್ದರೂ ಬಾಗಿಲು ಇದ್ದ ಕಡೆಯಿಂದಲೇ ಒಳಗೆ ಹೋದಳು. ಪಡಸಾಲೆ ದಾಟುವಾಗ ಸೆರಗನ್ನು ತಲೆ ಮೇಲೆ ಎಳೆದುಕೊಂಡಳು. ಮಾವ ಕೂಡುತ್ತಿದ್ದ ಜಾಗದಲ್ಲಿ ಒಂದು ಬೆಳ್ಳಕ್ಕಿ ನಿಂತಿತ್ತು. ಒಳ್ಳಿನ ಹತ್ತಿರ ಕುಕ್ಕರಗಾಲಲ್ಲಿ ಕೂತು ಕೈ ಇಳಿಸಿ ನೋಡಿದಳು. ಹೋದ ವರ್ಷ ಮುಂಗೈ ಮುಳುಗಿತ್ತು. ಈ ವರ್ಷ ಎರಡು ಬೆರಳಿಗೇ ಮಣ್ಣು ಸಿಕ್ಕಿತು.’

ಇಲ್ಲಿ ಸರ್ಕಾರ ಇಲ್ಲ, ಪರಿಹಾರ ಇಲ್ಲ, ಪ್ರಶ್ನಾರ್ಥಕ ಚಿಹ್ನೆಯೂ ಇಲ್ಲ. ಮುಂದಿನ ಪುಟಕ್ಕೆ ಹೋಗದೆ ಓದುಗನಿಗೆ ಗತಿಯಿಲ್ಲ. ಸೆರಗು ಎಳೆದುಕೊಂಡದ್ದು ನಿಜ, ನಾನೇ ಕಂಡದ್ದು. ಬೆಳ್ಳಕ್ಕಿ ಸುಳ್ಳು, ನಾನು ತಂದು ನಿಲ್ಲಿಸಿದ್ದು. ಕಾದಂಬರಿಯಲ್ಲಿ ಬೆಳ್ಳಕ್ಕಿ ನಿಲ್ಲಿಸಬಹುದು. ಅಂಕಣದಲ್ಲಿ ನಾನು ನಿಲ್ಲಿಸಿದ ಕಣ್ಣೀರು ತಪ್ಪು. ಎರಡೂ ಕೆಲಸ ಮಾಡುವವರು ಈ ಗೆರೆಯನ್ನು ದಿನಾ ನೆನಪಿಟ್ಟುಕೊಳ್ಳಬೇಕು. ಪೇಪರ್ ಓದುವವನು ನಾವು ಬರೆದದ್ದು ನಡೆದದ್ದೇ ಎಂದು ನಂಬಿ ಓದುತ್ತಾನೆ.

ಈಗ ನಿಮ್ಮ ಮೊದಲ ಪ್ರಶ್ನೆ. ಅಂಕಣ ಬಿಡಬೇಕೇ?

ಲಂಕೇಶರ ಉದಾಹರಣೆ ನೋಡಿ. ಅವರ ಕಾದಂಬರಿ ‘ಬಿರುಕು’ ಬಂದದ್ದು 1967ರಲ್ಲಿ, ‘ಮುಸ್ಸಂಜೆಯ ಕಥಾಪ್ರಸಂಗ’ 1978ರಲ್ಲಿ. 1980ರಲ್ಲಿ ‘ಲಂಕೇಶ್ ಪತ್ರಿಕೆ’ ಶುರುವಾಯಿತು. ಅಲ್ಲಿಂದ 2000ದ ಜನವರಿಯಲ್ಲಿ ತೀರಿಕೊಳ್ಳುವವರೆಗೆ ಇಪ್ಪತ್ತು ವರ್ಷ ವಾರ ವಾರ ಬರೆದರು. ಆ ಇಪ್ಪತ್ತು ವರ್ಷದಲ್ಲಿ ಬಂದ ಕಾದಂಬರಿ ‘ಅಕ್ಕ’ ಒಂದೇ, 1991ರಲ್ಲಿ. ಇದನ್ನು ಹೇಳಿ ‘ನೋಡಿ, ಪತ್ರಿಕೆ ಕಾದಂಬರಿಯನ್ನು ತಿಂದಿತು’ ಅನ್ನುವವರಿದ್ದಾರೆ. ನನಗೆ ಅದು ಅರ್ಧ ಸತ್ಯ ಅನ್ನಿಸುತ್ತದೆ. ಅದೇ ಕಾಲದಲ್ಲಿ ಅವರು ಸಣ್ಣಕಥೆ ಬರೆದರು, ‘ಕಲ್ಲು ಕರಗುವ ಸಮಯ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ವಾರದ ಕೆಲಸ ಇದ್ದವರಿಗೆ ಕಥೆ ಒಗ್ಗುತ್ತದೆ. ಒಂದು ಕಥೆಯನ್ನು ಎರಡು ಡೆಡ್‌ಲೈನಿನ ನಡುವೆ ಹಿಡಿದಿಟ್ಟುಕೊಳ್ಳಬಹುದು. ಕಾದಂಬರಿಯನ್ನು ಆಗುವುದಿಲ್ಲ.

ಇನ್ನೊಂದು ಉದಾಹರಣೆ ನಮ್ಮ ಕಡೆಯದೇ. ಬಸವರಾಜ ಕಟ್ಟೀಮನಿ, 1919ರಲ್ಲಿ ಗೋಕಾಕ ತಾಲ್ಲೂಕಿನ ಮಲಾಮರಡಿಯಲ್ಲಿ ಹುಟ್ಟಿದವರು. ಪತ್ರಿಕೆಗಳಲ್ಲಿ ದುಡಿದವರು, ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲಿಗೆ ಹೋದವರು, ಸಾಲು ಸಾಲು ಕಾದಂಬರಿ ಬರೆದವರು. 1980ರಲ್ಲಿ ಬೆಳಗಾವಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಅವರು ಪತ್ರಿಕೆಯನ್ನೂ ಕಾದಂಬರಿಯನ್ನೂ ಎದುರು ಬದುರು ನಿಲ್ಲಿಸಲಿಲ್ಲ. ‘ಜ್ವಾಲಾಮುಖಿಯ ಮೇಲೆ’ ಕಾದಂಬರಿಯಲ್ಲಿ ಪತ್ರಕರ್ತನ ಬದುಕನ್ನೇ ಕಥೆ ಮಾಡಿದರು. ಸುದ್ದಿಮನೆಯ ಒಳಗೆ ಕೂತವನಿಗೆ ಮಾತ್ರ ಕಾಣುವ ಸಣ್ಣತನ, ಮಾಲೀಕರ ಭಯ, ಸಂಬಳದ ಗೋಳು ಎಲ್ಲ ಅಲ್ಲಿದೆ. ಅಂಕಣಕಾರರೊಬ್ಬರ ಕೈಗೆ ನಾನು ಮೊದಲು ಕೊಡುವ ಪುಸ್ತಕ ಅದು. ಅಂದಹಾಗೆ, ‘ಸಂಯುಕ್ತ ಕರ್ನಾಟಕ’ ಹುಟ್ಟಿದ್ದೂ ಬೆಳಗಾವಿಯಲ್ಲೇ, ಹುಬ್ಬಳ್ಳಿಗೆ ಹೋದದ್ದು ಆಮೇಲೆ. ಬರೆಯಬೇಕಾದರೆ ಬೆಂಗಳೂರಿಗೆ ಹೋಗಬೇಕು ಅನ್ನುವವರಿಗೆ ನಾನು ಇದನ್ನು ಹೇಳುತ್ತಿರುತ್ತೇನೆ.

ಹಾಗಾಗಿ ನನ್ನ ಸಲಹೆ: ಬಿಡಬೇಡಿ, ಸಡಿಲ ಮಾಡಿ. ವಾರದ ಅಂಕಣವನ್ನು ಹದಿನೈದು ದಿನಕ್ಕೊಮ್ಮೆ ಮಾಡಲು ಸಂಪಾದಕರನ್ನು ಕೇಳಿ. ಅವರು ಮೊದಲು ಮುಖ ಸಣ್ಣ ಮಾಡುತ್ತಾರೆ, ಆಮೇಲೆ ಒಪ್ಪುತ್ತಾರೆ. ಆ ಜಾಗ ತುಂಬಲು ಇನ್ನೊಬ್ಬರು ಕಾಯುತ್ತಲೇ ಇರುತ್ತಾರೆ. ಇದು ಸ್ವಲ್ಪ ಹೊಟ್ಟೆಗೆ ತಟ್ಟುವ ಸತ್ಯ. ನಾನು ಹಾಗೆ ಮಾಡಿದಾಗ ಏಳು ವರ್ಷ ಹಿಡಿದು ಒಂದು ಕಾದಂಬರಿ ಮುಗಿಯಿತು. ಜಾಸ್ತಿ ಆಯಿತು ಅನ್ನಬಹುದು. ನನ್ನ ಕೈ ನಿಧಾನ.

ಪೂರ್ತಿ ಯಾಕೆ ಬಿಡಬಾರದು ಅಂದರೆ, ಅಂಕಣ ನಿಮ್ಮನ್ನು ಮನೆಯಿಂದ ಹೊರಗೆ ತರುತ್ತದೆ. ಆ ಹುಡುಗ ನನ್ನನ್ನು ಹುಡುಕಿಕೊಂಡು ಬಂದದ್ದು ನಾನು ತಪ್ಪು ಬರೆದದ್ದಕ್ಕೆ. ಬರೆಯದೇ ಇದ್ದಿದ್ದರೆ ಒಳ್ಳಿನ ಸಂಗತಿ ನನಗೆ ಸಿಗುತ್ತಲೇ ಇರಲಿಲ್ಲ.

ಎರಡು ನೋಟುಬುಕ್ ಇಡಿ. ಇದು ಕೇಳಲು ಸಣ್ಣ ಮಾತು, ಆದರೆ ಇದರಲ್ಲೇ ಎಲ್ಲ ಇದೆ. ಒಂದು ಅಂಕಣದ್ದು. ಅದರಲ್ಲಿ ನಿಮಗೆ ಏನು ಅನ್ನಿಸಿತು ಅಂತ ಬರೆಯಿರಿ. ಇನ್ನೊಂದು ಕಾದಂಬರಿಯದ್ದು. ಅದರಲ್ಲಿ ನಿಮಗೆ ಅನ್ನಿಸಿದ್ದು ಏನೂ ಬರೆಯಬೇಡಿ. ಯಾರು ಏನು ಅಂದರು, ಕೈ ಎಲ್ಲಿತ್ತು, ಕಾಲಿಗೆ ಏನು ಹಾಕಿದ್ದರು, ದುಡ್ಡು ಎಣಿಸುವಾಗ ಯಾವ ಬೆರಳು ನಾಲಿಗೆಗೆ ಹೋಯಿತು, ಅಷ್ಟೇ. ಅದರಲ್ಲಿ ಬರೆದದ್ದನ್ನು ಯಾವ ಕಾರಣಕ್ಕೂ ಅಂಕಣಕ್ಕೆ ತೆಗೆಯಬೇಡಿ. ಶನಿವಾರ ರಾತ್ರಿ ವಿಷಯ ಇಲ್ಲದೆ ಪರದಾಡುವಾಗ ಆ ಪುಸ್ತಕ ಕಣ್ಣಿಗೆ ಬೀಳುತ್ತದೆ. ಬಿತ್ತನೆಗೆ ಇಟ್ಟ ಜೋಳವನ್ನು ರೊಟ್ಟಿಗೆ ಬೀಸಿದ ಹಾಗೆ ಆಗುತ್ತದೆ. ನಾನೂ ಹಾಗೆ ಎರಡು ಸಲ ಬೀಸಿದ್ದೇನೆ. ಒಳ್ಳೇ ಅಂಕಣ ಬಂದವು. ಆ ಎರಡೂ ಪಾತ್ರ ಮತ್ತೆ ನನ್ನ ಹತ್ತಿರ ಬರಲಿಲ್ಲ.

ನಿಮ್ಮ ಕೌಂಟರೇ ಒಂದು ಗಣಿ ಅನ್ನುವುದು ನಿಮಗೆ ಗೊತ್ತಿರಬೇಕು. ಬಂಗಾರ ಸಾಲಕ್ಕೆ ತಾಳಿ ಬಿಚ್ಚಿಕೊಡುವವರು, ತಮ್ಮನಿಗೆ ಜಾಮೀನಾಗಿ ಸಿಕ್ಕಿಬಿದ್ದ ಅಣ್ಣ, ಕಬ್ಬಿನ ಬಿಲ್ಲು ಬಂತಾ ಅಂತ ದಿನಾ ಕೇಳಲು ಬರುವವರು. ಆದರೆ ಖಾತೆದಾರರ ಗುಟ್ಟು ಹೊರಗೆ ಹಾಕಿದರೆ ನೌಕರಿಗೇ ಕುತ್ತು. ಫೈಲಿನಲ್ಲಿ ಇದ್ದದ್ದನ್ನು ಮುಟ್ಟಬೇಡಿ. ಕೌಂಟರಿನ ಈ ಕಡೆ ಕೂತು ಕಣ್ಣಿಗೆ ಕಂಡದ್ದು ಸಾಕು.

ಅಂಕಣಗಳನ್ನೇ ಜೋಡಿಸಿ ಕಾದಂಬರಿ ಮಾಡಬಹುದೇ ಅಂತ ಕೇಳಿದ್ದೀರಿ. ಬೇಡ. ಅಂಕಣಗಳ ಸಂಕಲನ ಮಾಡಿ, ಅದಕ್ಕೆ ಓದುಗರಿದ್ದಾರೆ. ಜೋಡಿಸಿದ ಕಾದಂಬರಿ ಕೌದಿಯ ಹಾಗೆ ಇರುತ್ತದೆ ಅಂತ ಕೆಲವರು ಸಮರ್ಥನೆ ಕೊಡುತ್ತಾರೆ. ಕೌದಿ ಹೊಲಿಯುವ ನಮ್ಮ ಅವ್ವಂದಿರಿಗೆ ಗೊತ್ತು, ಅದಕ್ಕೆ ಒಳಗೆ ಒಂದು ಹಳೇ ಸೀರೆ ಪೂರ್ತಿ ಹಾಸಬೇಕು. ಆ ಸೀರೆ ನಿಮ್ಮ ಅಂಕಣಗಳಲ್ಲಿ ಇಲ್ಲ.

ಧಾರಾವಾಹಿ ಬೇರೆ ಮಾತು. ಅದು ಅಂಕಣಕ್ಕೂ ಕಾದಂಬರಿಗೂ ನಡುವಿನ ದಾರಿ, ಕನ್ನಡದಲ್ಲಿ ಅದಕ್ಕೆ ದೊಡ್ಡ ಪರಂಪರೆಯೇ ಇದೆ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಮೊದಲು ಬಂದದ್ದು ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ. ವಾರಕ್ಕೆ ಒಂದು ಕಂತು ಅಂದರೆ ನಿಮ್ಮ ಕೈಗೆ ಈಗಿರುವ ಅಭ್ಯಾಸವೇ ಕೆಲಸಕ್ಕೆ ಬರುತ್ತದೆ. ಒಂದೇ ವ್ಯತ್ಯಾಸ, ಅಂಕಣದ ಕೊನೆ ಬಾಗಿಲು ಹಾಕುತ್ತದೆ, ಕಂತಿನ ಕೊನೆ ಬಾಗಿಲು ಅರ್ಧ ತೆರೆದಿಡುತ್ತದೆ. ನಿಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಜಾಗ ಇದೆಯಾ ಕೇಳಿ ನೋಡಿ. ಒಂದು ಎಚ್ಚರ: ಕನಿಷ್ಠ ಅರ್ಧ ಕಾದಂಬರಿ ಕೈಯಲ್ಲಿ ಇಟ್ಟುಕೊಂಡೇ ಮೊದಲ ಕಂತು ಕೊಡಿ. ಇಲ್ಲವಾದರೆ ಹನ್ನೆರಡನೇ ವಾರಕ್ಕೆ ನಾಯಕನಿಗೆ ಅಪಘಾತ ಮಾಡಿಸಿ ಆಸ್ಪತ್ರೆಗೆ ಸೇರಿಸುತ್ತೀರಿ.

ಹಕ್ಕಿನ ವಿಚಾರ. ನೀವು ಪತ್ರಿಕೆಯ ಸಂಬಳದ ನೌಕರರಲ್ಲ, ಹೊರಗಿನಿಂದ ಬರೆಯುವವರು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದವರೇ ಮೊದಲ ಹಕ್ಕುದಾರರು. ನೀವು ಬರಹದಲ್ಲಿ, ಸಹಿ ಹಾಕಿ ಬಿಟ್ಟುಕೊಡದಿದ್ದರೆ ಹಕ್ಕು ನಿಮ್ಮದೇ. ಶುರುವಿನಲ್ಲಿ ಏನಾದರೂ ಕಾಗದಕ್ಕೆ ಸಹಿ ಹಾಕಿದ್ದೀರಾ ನೆನಪು ಮಾಡಿಕೊಳ್ಳಿ, ಅದನ್ನು ಹುಡುಕಿ ಓದಿ. ಹಕ್ಕು ಬಿಟ್ಟುಕೊಟ್ಟ ಒಪ್ಪಂದದಲ್ಲಿ ಅವಧಿ ಬರೆದಿಲ್ಲ ಅಂದರೆ ಅದು ಐದು ವರ್ಷಕ್ಕೆ ಅಂತ ಕಾಯ್ದೆ ಹೇಳುತ್ತದೆ. ಪತ್ರಿಕೆಯ ನೌಕರಿಯಲ್ಲೇ ಇದ್ದು ಬರೆದರೆ ಲೆಕ್ಕ ಬೇರೆ: ಪತ್ರಿಕೆಯಲ್ಲಿ ಪ್ರಕಟಿಸುವ ಮಟ್ಟಿಗೆ ಹಕ್ಕು ಮಾಲೀಕರದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ ಪುಸ್ತಕ ಮಾಡುವ ಹಕ್ಕು ಬರೆದವರದ್ದು. ಸಂಕಲನ ತರುವಾಗ ಸಂಪಾದಕರಿಗೆ ಒಂದು ಪತ್ರ ಬರೆದು ತಿಳಿಸಿ, ಒಳಗೆ ಪತ್ರಿಕೆಯ ಹೆಸರು ಹಾಕಿ. ಕಾನೂನಿಗಿಂತ ಹೆಚ್ಚಾಗಿ ಅದು ಮರ್ಯಾದೆ. ಹಕ್ಕು ನಿಮ್ಮ ಜೀವಮಾನ ಪೂರ್ತಿ, ನಿಮ್ಮ ನಂತರ 60 ವರ್ಷ ಇರುತ್ತದೆ. ಹಾಗಾಗಿ ಮನೆಯವರಿಗೂ ಆ ಕಾಗದ ಎಲ್ಲಿದೆ ಅಂತ ಗೊತ್ತಿರಲಿ.

ಇದರ ಪಕ್ಕದಲ್ಲೇ ಇನ್ನೊಂದು. ಕಾಲಂ ಬರೆಯುವವರು ಕಲಂ 356 ಮರೆಯಬಾರದು. ಭಾರತೀಯ ನ್ಯಾಯ ಸಂಹಿತೆಯಲ್ಲಿ ಮಾನಹಾನಿ ಬರುವುದು ಅಲ್ಲಿ, ಎರಡು ವರ್ಷದವರೆಗೆ ಸಾದಾ ಸಜೆ ಆಗಬಹುದು. ‘ಇದರಲ್ಲಿನ ಪಾತ್ರಗಳೆಲ್ಲ ಕಾಲ್ಪನಿಕ’ ಅಂತ ಮೊದಲ ಪುಟದಲ್ಲಿ ಹಾಕಿದರೆ ಬಚಾವ್ ಅಂದುಕೊಳ್ಳಬೇಡಿ. ಊರವರೆಲ್ಲ ಓದಿ ‘ಇದು ಇಂಥವರೇ’ ಅಂತ ಗುರುತಿಸುವ ಹಾಗಿದ್ದರೆ ಆ ಸಾಲು ನಿಮ್ಮನ್ನು ಕಾಯುವುದಿಲ್ಲ. ನೀವು ಊರಿಗೆ ಗೊತ್ತಿರುವ ಅಂಕಣಕಾರರು, ಜನ ಹುಡುಕಿಯೇ ಓದುತ್ತಾರೆ. ಅಂಕಣದಲ್ಲಿ ನಾವು ಹೆಸರು ಹೇಳಿ, ಪುರಾವೆ ಇಟ್ಟುಕೊಂಡು ಬರೆಯುತ್ತೇವೆ. ಕಾದಂಬರಿಯಲ್ಲಿ ಹೆಸರು ಬದಲಿಸಿದ ಧೈರ್ಯಕ್ಕೆ ಪುರಾವೆ ಇಲ್ಲದ್ದನ್ನೂ ಸೇರಿಸುತ್ತೇವೆ. ಅಪಾಯ ಇರುವುದು ಅಲ್ಲಿ. ಒಬ್ಬ ಮನುಷ್ಯನನ್ನು ಪೂರ್ತಿ ಎತ್ತಿ ಇಡಬೇಡಿ. ಒಬ್ಬನ ನಡಿಗೆ, ಇನ್ನೊಬ್ಬನ ಸಾಲ, ಮತ್ತೊಬ್ಬನ ನಗು. ಇದು ಕಾನೂನಿಗೂ ಒಳ್ಳೆಯದು, ಕಾದಂಬರಿಗೂ ಒಳ್ಳೆಯದು.

ನೆಂಟರು ಮಾತ್ರ ಏನು ಮಾಡಿದರೂ ಸಿಟ್ಟಾಗುತ್ತಾರೆ. ನನ್ನ ಸೋದರಮಾವ ಎರಡು ವರ್ಷ ಮಾತು ಬಿಟ್ಟಿದ್ದರು, ಅವರು ಆ ಪುಸ್ತಕದಲ್ಲಿ ಇರಲೇ ಇಲ್ಲ.

ದುಡ್ಡಿನ ವಿಷಯಕ್ಕೆ ಬರೋಣ. ನಿಮ್ಮ ಅಂಕಣದಿಂದ ವರ್ಷಕ್ಕೆ 20,800 ರೂಪಾಯಿ. ಈಗ ಕಾದಂಬರಿ. 250 ರೂಪಾಯಿ ಬೆಲೆ, ರಾಯಲ್ಟಿ ಶೇ 10 ಅಂತ ಇಟ್ಟುಕೊಳ್ಳಿ. ಸಾವಿರ ಪ್ರತಿ ಪೂರ್ತಿ ಖರ್ಚಾದರೆ 25,000. ಈಗ ಎಷ್ಟೋ ಪ್ರಕಾಶಕರು ಮೊದಲು 500 ಪ್ರತಿ ಮಾತ್ರ ಹಾಕುತ್ತಾರೆ, ಆಗ 12,500. ಅಂದರೆ ಮೂರು ವರ್ಷ ಬರೆದ ಕಾದಂಬರಿ, ಒಂದು ವರ್ಷದ ಅಂಕಣದಷ್ಟು ದುಡ್ಡು ತಂದರೆ ಪುಣ್ಯ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಆಯ್ಕೆಯಾದರೆ ಪ್ರಕಾಶಕರಿಗೆ ಉಸಿರು ಬರುತ್ತದೆ, ಆದರೆ ಆ ಹಣ ಬರುವ ದಾರಿ ಉದ್ದ.

ಗಾರ್ಸಿಯಾ ಮಾರ್ಕೇಸ್ ಕಥೆಯನ್ನು ನೀವೂ ಕೇಳಿರಬಹುದು. ಕೊಲಂಬಿಯಾದ ಬರಾಂಕಿಯಾ ಊರಿನ ಪತ್ರಿಕೆಯೊಂದರಲ್ಲಿ 1950ರಿಂದ ‘ಜಿರಾಫೆ’ ಅನ್ನುವ ಅಂಕಣ ಬರೆಯುತ್ತಿದ್ದವರು. ಆಮೇಲೆ ಮೆಕ್ಸಿಕೋದಲ್ಲಿ ಎಲ್ಲ ಕೆಲಸ ಬಿಟ್ಟು ಒಂದೂವರೆ ವರ್ಷ ಮನೆಯಲ್ಲೇ ಕೂತು 1967ರಲ್ಲಿ ಬಂದ ಆ ದೊಡ್ಡ ಕಾದಂಬರಿ ‘ಒಂದು ನೂರು ವರ್ಷಗಳ ಏಕಾಂತ’ ಮುಗಿಸಿದರು, ಮನೆಯ ಸಾಮಾನು ಗಿರವಿ ಅಂಗಡಿಗೆ ಹೋಯಿತು. ಈ ಕಥೆ ಕೇಳಿ ನೌಕರಿ ಬಿಟ್ಟ ಒಬ್ಬಿಬ್ಬರನ್ನು ನಾನು ಬಲ್ಲೆ. ಗಿರವಿ ಇಟ್ಟದ್ದು ಎಲ್ಲರೂ ಮಾಡಿದರು, ಮುಂದಿನದು ಆಗಲಿಲ್ಲ. ನೀವು ಬಂಗಾರ ಸಾಲದ ಬಡ್ಡಿ ದರ ಬಲ್ಲವರು, ನಿಮಗೆ ಹೆಚ್ಚು ಹೇಳಬೇಕಿಲ್ಲ. ಬೀಳಗಿಯಲ್ಲಿ ಹುಟ್ಟಿದ ಕೃಷ್ಣಮೂರ್ತಿ ಪುರಾಣಿಕರು ಮಾಸ್ತರಿಕೆ ಮಾಡುತ್ತಲೇ ಅಷ್ಟೊಂದು ಕಾದಂಬರಿ ಬರೆದರು, ‘ಸನಾದಿ ಅಪ್ಪಣ್ಣ’ ಸಿನಿಮಾ ಬಂದದ್ದು ಅವರ ಕಥೆಯಿಂದಲೇ. ನೌಕರಿ ಬಿಡಬೇಡಿ. ದಿನಕ್ಕೆ 300 ಪದ, ವರ್ಷದಲ್ಲಿ 200 ದಿನ ಸಿಕ್ಕರೂ 60,000 ಪದ. ಮಾರ್ಚ್ ಎಂಡಿನಲ್ಲಿ ಮಾತ್ರ ಶುರು ಮಾಡಬೇಡಿ.

ಪ್ರಕಾಶಕರ ಜೊತೆ ಬಾಯಿ ಮಾತಿನ ವ್ಯವಹಾರ ಬೇಡ. ಎಷ್ಟು ಪ್ರತಿ, ಎಷ್ಟು ರಾಯಲ್ಟಿ, ಲೆಕ್ಕ ಯಾವಾಗ ಕೊಡುತ್ತಾರೆ, ಎಷ್ಟು ವರ್ಷದ ಹಕ್ಕು, ಆಡಿಯೋ ಮತ್ತು ಸಿನಿಮಾ ಹಕ್ಕು ಯಾರದ್ದು, ಇಷ್ಟನ್ನು ಕಾಗದದಲ್ಲಿ ತೆಗೆದುಕೊಳ್ಳಿ. ನನ್ನ ಎರಡನೇ ಪುಸ್ತಕ ಎಷ್ಟು ಮಾರಿತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಿದಾಗಲೆಲ್ಲ ‘ಸರ್, ಇನ್ನೂ ಗೋಡೌನಿನಲ್ಲಿದೆ’ ಅನ್ನುತ್ತಿದ್ದರು. ಒಮ್ಮೆ ಹೊಸಾ ಪ್ರತಿಯೊಂದು ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಸಿಕ್ಕಿತು, ಮೇಲೆ ಎರಡನೇ ಮುದ್ರಣ ಅಂತ ಇತ್ತು. ದುಡ್ಡು ಕೊಟ್ಟು ಅಚ್ಚು ಹಾಕಿಸುವವರೂ ಇದ್ದಾರೆ. ಅದು ತಪ್ಪಲ್ಲ, ಆದರೆ ಅದು ಪ್ರಕಾಶನ ಅಲ್ಲ, ಮುದ್ರಣ. ಆ ಪ್ರತಿಗಳೆಲ್ಲ ನಿಮ್ಮ ಮಂಚದ ಕೆಳಗೇ ಬರುತ್ತವೆ. ನೀವು ಇನ್ನೂ ನಲವತ್ತರ ಒಳಗಿದ್ದೀರಿ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಮೊದಲ ಪುಸ್ತಕಕ್ಕೆ ಪ್ರೋತ್ಸಾಹಧನ ಕೊಡುತ್ತದೆ, ಅದರ ಪ್ರಕಟಣೆ ಬಂದಾಗ ನಿಯಮ ಸರಿಯಾಗಿ ಓದಿ ಅರ್ಜಿ ಹಾಕಿ.

ಇನ್ನು ಭಾಷೆ. ಇದರ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ, ತಾಳಿಕೊಳ್ಳಿ.

ಒಮ್ಮೆ ನನ್ನ ಅಂಕಣದಲ್ಲಿ ಒಬ್ಬಳು ‘ಬುತ್ತಿ ಕಟಗೊಂಡು ಹೊಲಕ್ಕ ಹೊಂಟೇನಿ’ ಅಂದಿದ್ದಳು. ಅಚ್ಚಾಗಿ ಬಂದಾಗ ‘ಊಟದ ಡಬ್ಬಿ ಕಟ್ಟಿಕೊಂಡು ಹೊಲಕ್ಕೆ ಹೊರಟಿದ್ದೇನೆ’ ಅಂತ ಆಗಿತ್ತು. ಡೆಸ್ಕಿನವರನ್ನು ಕೇಳಿದೆ. ‘ಎಲ್ಲ ಜಿಲ್ಲೆಯವರಿಗೂ ಅರ್ಥ ಆಗಬೇಕಲ್ವಾ ಸರ್’ ಅಂದರು. ಬುತ್ತಿ ಅರ್ಥ ಆಗದ ಕನ್ನಡದವರು ಯಾರು ಅಂತ ನನಗೆ ಗೊತ್ತಾಗಲಿಲ್ಲ. ಆದರೂ ಪತ್ರಿಕೆಗೆ ಒಂದು ಶೈಲಿ ಇರುತ್ತದೆ, ಅಲ್ಲಿ ಜಗಳಾಡಿ ಪ್ರಯೋಜನ ಇಲ್ಲ. ಕಾದಂಬರಿಯಲ್ಲಿ ಡೆಸ್ಕ್ ಇಲ್ಲ. ಅಲ್ಲಿ ಆಕೆ ಬುತ್ತಿ ಕಟ್ಟಿಕೊಳ್ಳಲಿ.

ಬೆಂಗಳೂರಿನವರು ಓದುತ್ತಾರಾ ಅಂತ ಕೇಳಿದ್ದೀರಿ. ಜಮಖಂಡಿ ಸೀಮೆಯ ರಾವಬಹಾದ್ದೂರರ ‘ಗ್ರಾಮಾಯಣ’ ಕಾದಂಬರಿಯನ್ನು ಎಲ್ಲ ಕಡೆಯವರೂ ಓದಿದರು. ಬೆಳಗಾವಿ ಜಿಲ್ಲೆಯ ಘೋಡಗೇರಿಯ ಚಂದ್ರಶೇಖರ ಕಂಬಾರರು ಆ ಕಡೆಯ ಮಾತನ್ನೇ ಇಟ್ಟುಕೊಂಡು ಬರೆದರು, 2010ನೇ ಸಾಲಿನ ಜ್ಞಾನಪೀಠ ಅವರಿಗೆ ಬಂತು. ಓದುಗ ಓಡಿಹೋಗುವುದು ಭಾಷೆಗಲ್ಲ. ಪ್ರತಿ ಉಚ್ಚಾರಣೆಯನ್ನೂ ಅಕ್ಷರಕ್ಕೆ ಇಳಿಸಲು ಹೋಗಿ ಪುಟವನ್ನು ಮುಳ್ಳಿನ ಬೇಲಿ ಮಾಡಿದಾಗ ಓಡಿಹೋಗುತ್ತಾನೆ. ನಿರೂಪಣೆ ಸಾದಾ ಬರಹದ ಕನ್ನಡದಲ್ಲಿ ಇರಲಿ, ಮಾತು ಮಾತಿನ ಹಾಗೆ ಇರಲಿ. ಕ್ರಿಯಾಪದದ ಕೊನೆ ಮತ್ತು ಕರೆಯುವ ಶಬ್ದ, ಇವೆರಡನ್ನು ಸರಿಯಾಗಿ ಹಿಡಿದರೆ ಸಾಕು, ಉಳಿದದ್ದನ್ನು ಓದುಗನ ಕಿವಿಯೇ ತುಂಬಿಕೊಳ್ಳುತ್ತದೆ.

ಕರೆಯುವ ಶಬ್ದದಲ್ಲಿ ಜಾಗ್ರತೆ. ಮಗ ತಾಯಿಗೆ ‘ಬಾ ಬೇ ಯವ್ವಾ’ ಅನ್ನುತ್ತಾನೆ, ಅದರಲ್ಲಿ ಇರುವುದು ಸಲುಗೆ. ಅದನ್ನೇ ಓದಿ ದಕ್ಷಿಣದ ಒಬ್ಬ ಗೆಳೆಯ ‘ಇವನು ಇಷ್ಟು ಒರಟ ಯಾಕೆ’ ಅಂತ ಕೇಳಿದ. ಅದಕ್ಕೆ ಅಡಿಟಿಪ್ಪಣಿ ಹಾಕಬೇಡಿ. ಆ ಮಗ ತಾಯಿಯ ಕೈಯಿಂದ ಕೊಡ ಇಸಿದುಕೊಳ್ಳುವಾಗ ಆ ಮಾತು ಅನ್ನಲಿ. ಅರ್ಥ ಆಗುತ್ತದೆ. ಹಾಗೇ ಬೆಳಗಾವಿಯ ಮರಾಠಿ ಬೆರೆತ ಮಾತು ಬೇರೆ, ವಿಜಯಪುರದ ಇಂಡಿ ಕಡೆಯದು ಬೇರೆ, ನಿಮ್ಮ ಮುಧೋಳದ್ದು ಬೇರೆ. ‘ಉತ್ತರ ಕರ್ನಾಟಕದ ಭಾಷೆ’ ಅಂತ ಒಂದು ಇಲ್ಲ, ಅದು ಸಿನಿಮಾದವರು ಮಾಡಿದ್ದು. ನಿಮ್ಮ ಓಣಿಯದ್ದನ್ನೇ ಬರೆಯಿರಿ.

ಈಗ ಮಾಡಬೇಕಾದ್ದು ಒಂದೇ. ಆ ಮೂವತ್ತು ಪುಟ ತೆಗೆಯಿರಿ. ಎಲ್ಲೆಲ್ಲಿ ಗಟ್ಟಿ ಸಾಲು ಬಂದು ನಿಂತಿದೆಯೋ ಅಲ್ಲೆಲ್ಲ ಆ ಸಾಲನ್ನು ಪೆನ್ಸಿಲಿನಿಂದ ಹೊಡೆದುಹಾಕಿ. ಹತ್ತೋ ಹನ್ನೆರಡೋ ಇರುತ್ತವೆ. ಹೊಟ್ಟೆ ಉರಿಯುತ್ತದೆ, ಆದರೂ ಹೊಡೆಯಿರಿ. ಅವನ್ನು ಅಂಕಣದ ನೋಟುಬುಕ್ಕಿಗೆ ಬರೆದಿಟ್ಟುಕೊಳ್ಳಿ, ಅಲ್ಲಿ ಉಪಯೋಗಕ್ಕೆ ಬರುತ್ತವೆ. ಆಮೇಲೆ ಮೊದಲಿಂದ ಓದುತ್ತಾ ಬನ್ನಿ, ಯಾವ ಪಾತ್ರ ಬಾಯಿ ತೆರೆದು ಅರ್ಧಕ್ಕೇ ನಿಂತಿದೆ ಅಂತ ನೋಡಿ. ಅಲ್ಲಿಂದ ಮುಂದುವರಿಸಿ. ನಲವತ್ತನೇ ಪುಟ ಬಂದಾಗ ನನಗೆ ಕಳಿಸಿ. ಮೊಬೈಲಿಗೆ ಬೇಡ, ಅಚ್ಚು ತೆಗೆದು ಅಂಚೆಯಲ್ಲಿ ಕಳಿಸಿ, ನನ್ನ ಕಣ್ಣಿಗೆ ಆ ಸಣ್ಣ ಪರದೆ ಆಗಿಬರುವುದಿಲ್ಲ.